ಸ್ಥಾಪನೆಯ ತಾರೀಕಿನ ಕುರಿತು

ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದರು,
ಕ್ಲಬ್ಬು ಹೇಗೆ ಶುರುವಾಯಿತು ಅಂತ.
ನಾನು ಗೋಲಿನಲ್ಲಿ ನಿಂತವನು. ಎಲ್ಲ ನೋಡಿದ್ದೇನೆ,
ಆದರೆ ದೂರದಿಂದ,
ಬೆನ್ನಿಗೊಂದು ಸಮುದ್ರ ಇಟ್ಟುಕೊಂಡು.

ಎಪ್ಪತ್ತೊಂಬತ್ತರ ಚಳಿಗಾಲ ಎಂದು ಬೋರ್ಡಿನಲ್ಲಿದೆ.
ಹರಿಕಂತ್ರ ಸೋಮಯ್ಯ ಹೇಳುವುದು ಎಪ್ಪತ್ತೆಂಟು:
ಹಿದ್ದಿನ ಲೇಬರ್ ಕ್ಯಾಂಪು, ಹದಿನಾಲ್ಕನೇ ಕೋಣೆ,
ಬಾಬಣ್ಣನ ಹರಿದ ಬನಿಯನ್ನಿನೊಳಗೆ ಕಾಲುಚೀಲ ತುರುಕಿ
ಒಲೆಯ ಪಕ್ಕ ಒದ್ದಾಡಿದ ರಾತ್ರಿಯೇ ಕ್ಲಬ್ಬು.
ಸಾರಿನ ಪಾತ್ರೆ ಮಗುಚಿತು. ಅದೇ ಮೊದಲ ಗೋಲು.
ಆ ದಿನ ಬರಿ ಅನ್ನ ತಿಂದವರೆಲ್ಲ ಸಂಸ್ಥಾಪಕರು
ಎಂದು ಅವನ ವಾದ.

ಇರಲಿ.
ಜಾಗ ಇದ್ದದ್ದು ಯಾರ್ಡಿನ ಬೇಲಿಯಾಚೆ, ಉಪ್ಪುನೆಲ.
ಭರತ ಬಂದರೆ ಪಾದ ಮುಳುಗುವಷ್ಟು ಕಡಲು,
ಇಳಿದರೆ ಹಪ್ಪಳದಂತೆ ಚಟಪಟ ಒಡೆಯುವ ಮೈದಾನ.
ರಜೆ ಶುಕ್ರವಾರ ಮಾತ್ರ. ಶುಕ್ರವಾರಕ್ಕೇ ಇಳಿತ ಬರಬೇಕಲ್ಲ!
ಮೊಯ್ದಿನಬ್ಬನ ಜೇಬಿನಲ್ಲಿ ಪಂಚಾಂಗದಂಥ ಚೀಟಿ,
ಬಂದರಿನ ಗುಮಾಸ್ತನಿಂದ ಕೇಳಿ ಬರೆದುಕೊಂಡ ನೀರಿನ ಲೆಕ್ಕ.
ನಮ್ಮ ರೆಫ್ರಿ ಸೀಟಿ ಊದುವ ಮೊದಲು
ಚಂದ್ರನನ್ನು ಕೇಳುತ್ತಿದ್ದ.
ಇಪ್ಪತ್ತೆಂಟು ನಿಮಿಷಕ್ಕೆ ಮುಗಿದ ಪಂದ್ಯವಿದೆ.
ಚೆಂಡು ತೇಲಿಹೋದದ್ದೂ ಇದೆ.

ಕಂಬ ಮಾಡಿದ್ದು ಪಾಸ್ಕಲ್. ಹಡಗಿನ ಹೊಟ್ಟೆ ಬೆಸೆಯುವ ಕೈ.
ಸ್ಕ್ರ್ಯಾಪಿನ ಪೈಪು, ಫೋರ್‌ಮನ್ನನ ಕಣ್ಣು ತಪ್ಪಿಸಿ.
ಫೋರ್‌ಮನ್ ಬೇಕಂತಲೇ ಆಚೆ ನೋಡಿದ ಎಂಬುದು
ಹತ್ತು ವರ್ಷದ ಮೇಲೆ ತಿಳಿಯಿತು.
ಒಂದು ಕಂಬ ಇನ್ನೊಂದಕ್ಕಿಂತ ಗೇಣು ಗಿಡ್ಡ.
ಆ ಮೂಲೆಗೆ ಬಂದ ಚೆಂಡನ್ನು ನಾನು ಬಿಟ್ಟದ್ದೇ ಇಲ್ಲ;
ಹೊಗಳುವವರು ಹೊಗಳಲಿ.

ಸುಣ್ಣವಿರಲಿಲ್ಲ. ಮೆಸ್ಸಿನ ಮೈದಾಹಿಟ್ಟಿನಲ್ಲಿ ಗೆರೆ ಎಳೆದೆವು.
ಮಧ್ಯಂತರದೊಳಗೆ ಹಿದ್ದಿನ ಮೇಕೆಗಳು
ಪೆನಾಲ್ಟಿ ಬಾಕ್ಸನ್ನು ನೆಕ್ಕಿ ಮುಗಿಸಿದ್ದವು.
ಮೇಕೆ ಹುಡುಕುತ್ತ ಬಂದ ಹುಡುಗ ಖಮೀಸ್
ನಿಂತ. ನಕ್ಕ. ಮರುವಾರ ಹನ್ನೊಂದು ಜನರನ್ನು ಕರೆತಂದ.

ಅದೇ ಮೊದಲ ಪಂದ್ಯ. ಒಂಬತ್ತು, ಸೊನ್ನೆ.
ಸಂಚಿಕೆಯಲ್ಲಿ 'ತೀವ್ರ ಪೈಪೋಟಿ' ಎಂದು ಹಾಕುತ್ತಾರಂತೆ, ಹಾಕಲಿ.
ಅವರ ಕಾಲಲ್ಲಿ ಬೂಟು, ನಮ್ಮದು ಬರಿಗಾಲು;
ಉಪ್ಪಿನ ಹರಳು ಹಿಮ್ಮಡಿಯ ಬಿರುಕಿಗೆ ಇಳಿದು
ರಾತ್ರಿಯಿಡೀ ಮಾತಾಡುತ್ತಿತ್ತು.
ಹೋಗುವಾಗ ಖಮೀಸನ ಅಣ್ಣ ಒಂದು ಗೋಣಿ ಬಿಟ್ಟುಹೋದ:
ಹಳೆ ಬೂಟು, ಹದಿನೇಳು.
ಜೋಡಿಯಿಲ್ಲದ ಒಂದು, ಎಡಗಾಲಿನದು.
ಅದನ್ನು ಭಟ್ಕಳದ ಮೀರಾನ್ ಕಟ್ಟಿ,
ಬಲಗಾಲಿಗೆ ಟೇಪು ಸುತ್ತಿ
ಮೂರು ಸೀಸನ್ ಆಡಿದ.

ಹೆಸರು? ಊರ ಹೆಸರಿಟ್ಟರೆ ಜಗಳ,
ಉಳ್ಳಾಲವೋ, ಕಾರವಾರವೋ, ಭಟ್ಕಳವೋ.
ಚಹಾದಂಗಡಿಯವ ಸಾಲದ ಪುಸ್ತಕದಲ್ಲಿ
ನಮ್ಮನ್ನು ಏನೆಂದು ಬರೆದಿದ್ದನೋ ಅದೇ ಉಳಿಯಿತು:
'ಹದಿನಾಲ್ಕನೇ ಕೋಣೆ'.
ಈಗ ಜೆರ್ಸಿಯ ಮೇಲೆ ಬಂಗಾರದ ದಾರದಲ್ಲಿದೆ.
ಮಕ್ಕಳು ಕೇಳುತ್ತಾರೆ, ಹದಿನಾಲ್ಕು ಯಾರ ನಂಬರು?

ಒಬ್ಬನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.
ಬಾಬಣ್ಣ. ಚೆಂಡಾದ ಬನಿಯನ್ನಿನ ಯಜಮಾನ.
ಆಡಿದವನಲ್ಲ; ರಾತ್ರಿಪಾಳಿ, ಹಗಲು ನಿದ್ದೆ.
ನಮ್ಮ ಗಲಾಟೆಗೆ ಎದ್ದು ಬೈದ, ಮತ್ತೆ ಹೊದ್ದು ಮಲಗಿದ.
ಎಂಬತ್ತರ ಮೇ ತಿಂಗಳು, ಬಣ್ಣ ಬಳಿಯಲು ಟ್ಯಾಂಕಿಗೆ ಇಳಿದವನು
ಹೊರಗೆ ಬಂದದ್ದು ನಾಲ್ವರ ಕೈಮೇಲೆ.
ಊರಿಗೆ ಕಳಿಸುವ ಪೆಟ್ಟಿಗೆಗೆ, ಹೆಂಡತಿಗೆ ಎಂದು
ದುಡ್ಡು ಕೂಡಿಸಲು ಒಂದು ವಹಿ ತೆರೆದೆವು.
'ಸದಸ್ಯರು' ಎಂಬ ಶಬ್ದ ಮೊದಲು ಬರೆದದ್ದು ಅದರಲ್ಲಿ.
ಹತ್ತೊಂಬತ್ತು ಸಹಿ, ಮೂರು ಹೆಬ್ಬೆಟ್ಟು.
ತಾರೀಕೂ ಇದೆ.

ಅದು ಬೇಡ ಎಂದರು ಕಾರ್ಯದರ್ಶಿ,
ಜಾಹೀರಾತಿನ ಪುಟದ ಎದುರಿಗೆ ಬರುತ್ತದೆ.

ಕಡಲನ್ನು ಈಗ ಮಣ್ಣು ಸುರಿದು ಹಿಂದೆ ತಳ್ಳಿದ್ದಾರೆ.
ಮೈದಾನದ ಮೇಲೆ ಗೋದಾಮು. ಉಳಿದ ಗಿಡ್ಡ ಕಂಬಕ್ಕೆ
ಯಾರೋ ತಂತಿ ಬಿಗಿದು ಬಟ್ಟೆ ಒಣಹಾಕುತ್ತಾರೆ.
ನಿನ್ನೆ ಹೋಗಿ ನೋಡಿದೆ.
ಒಂದು ಬನಿಯನ್ ಗಾಳಿಗೆ ಉಬ್ಬಿ ನನ್ನ ಕಡೆ ಬಂತು.
ಅಭ್ಯಾಸಬಲ, ಕೈ ಎತ್ತಿದೆ.